ಓಬಳೇಶ ಭಾವನ ಬಲಗಾಲಿನ ಅಟ್ಟೆ

ಹೋದ ತಿಂಗಳು ಒಂದು ಭಾನುವಾರ ಚಿಲಮತ್ತೂರಿನ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಕಾಫಿಗೆ ಕೂತಿದ್ದೆ. ಬೆಂಗಳೂರಿನ ಕಡೆಯಿಂದ ಸೈಕಲ್ ತುಳಿದುಕೊಂಡು ಬಂದ ನಾಲ್ಕಾರು ಹುಡುಗರು ಒಳಗೆ ಬಂದರು. ಅವರ ಮುಖ ನಾನು ನೋಡಲಿಲ್ಲ. ನಾನು ಮನುಷ್ಯರನ್ನು ಕಾಲಿನಿಂದ ನೋಡಲು ಶುರು ಮಾಡುವವನು. ಮುಖ ಆಮೇಲೆ, ಪುರಸೊತ್ತಿದ್ದರೆ. ಅವರೆಲ್ಲ ಹೊಸದಾಗಿ ಲಾಳ ಕಟ್ಟಿಸಿಕೊಂಡ ಎತ್ತುಗಳ ಹಾಗೆ ಹಿಮ್ಮಡಿ ಊರಿ, ಮುಂಗಾಲು ಎತ್ತಿ, ಕಲ್ಲುಹಾಸಿನ ಮೇಲೆ ಟಕ್ ಟಕ್ ಎಂದು ನಡೆಯುತ್ತಿದ್ದರು. ತಡೆದುಕೊಳ್ಳಲು ಆಗಲಿಲ್ಲ. ಒಬ್ಬನನ್ನು ಕರೆದು, "ಅದೊಂದು ಸ್ವಲ್ಪ ಬಿಚ್ಚಿ ಕೊಡಪ್ಪ, ನೋಡಿ ಕೊಡ್ತೀನಿ" ಅಂದೆ. ಪಾಪ, ಒಳ್ಳೆಯ ಹುಡುಗ, ಕೊಟ್ಟ.

ಹಲಗೆಯ ಹಾಗೆ ಗಟ್ಟಿಯಾದ ಅಟ್ಟೆ. ಬಗ್ಗಿಸಿದರೆ ಬಗ್ಗದು. ಬೆರಳುಗಳ ಬುಡ ಬರುವ ಜಾಗದಲ್ಲಿ ಕೆಳಗೆ ಒಂದು ಬಿಲ್ಲೆ, ಪೆಡಲಿಗೆ ಕಚ್ಚಿಕೊಳ್ಳುವುದಕ್ಕೆ. ರಬ್ಬರು ಮತ್ತು ಬೆವರು ಕೂಡಿದ ವಾಸನೆ ಮೂಗಿಗೆ ಬಡಿಯಿತು.

"ಇಳೀಬೇಕಾದ್ರೆ ಹೆಂಗಪ್ಪ?" ಎಂದು ಕೇಳಿದೆ.

"ಹಿಮ್ಮಡಿ ಹೊರಗಡೆ ತಿರುಗಿಸಿದ್ರೆ ಬಿಟ್ಕೊಳ್ಳುತ್ತೆ, ತಾತ. ಮೊದಮೊದಲು ಎಲ್ಲರೂ ಬೀಳ್ತಾರೆ" ಎಂದು ಅವನು ನಕ್ಕ.

ನನಗೆ ನಗು ಬರಲಿಲ್ಲ. ಹಾಗೆ ಬಿದ್ದವನೊಬ್ಬ ನನಗೆ ಗೊತ್ತು. ಅವನ ಬೂಟು ಹೊಲಿದವನು ನಾನೇ.

ಆಗ ಯುದ್ಧ ಮುಗಿದಿತ್ತು, ಯುದ್ಧದ ತಾಪತ್ರಯ ಮುಗಿದಿರಲಿಲ್ಲ. ಬಸ್ಸುಗಳು ಪೆಟ್ರೋಲು ಸಿಗದೆ ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಕೆಮ್ಮುತ್ತಾ ಓಡುತ್ತಿದ್ದವು. ಹೊಸ ಟೈರು ಎಂಬುದು ಕಣ್ಣಿಗೆ ಬೀಳುತ್ತಿರಲಿಲ್ಲ. ನಾನು ಹಿಂದೂಪುರದಲ್ಲಿ, ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ, ಹುಣಸೇಹಣ್ಣಿನ ಮಂಡಿಯೊಂದರ ಗೋಡೆಗೆ ತಗಡು ಇಳಿಬಿಟ್ಟು ಅದರ ಕೆಳಗೆ ಕೂರುತ್ತಿದ್ದೆ. ಮೀಸೆ ಬಂದಿತ್ತು, ಮದುವೆ ಆಗಿರಲಿಲ್ಲ. ನಮ್ಮದು ತಲತಲಾಂತರದಿಂದ ತೊಗಲಿನ ಕೆಲಸ ಮಾಡಿಕೊಂಡು ಬಂದ ಮನೆ. ಸವೆದ ಲಾರಿ ಟೈರನ್ನು ಸೀಳಿ ಅಟ್ಟೆ ತೆಗೆಯುವುದರಲ್ಲಿ ನನ್ನ ಕೈ ಚೆನ್ನಾಗಿ ಓಡುತ್ತಿತ್ತು. ಅದರ ಜಂಬವೂ ಸಾಕಷ್ಟಿತ್ತು ಅನ್ನಿ.

ನಮ್ಮ ಅಕ್ಕ ಮಾರಕ್ಕನನ್ನು ಕಲ್ಯಾಣದುರ್ಗಕ್ಕೆ ಕೊಟ್ಟಿತ್ತು. ಅವಳ ಗಂಡ ಓಬಳೇಶ ಟಪ್ಪಾಲಿನವನು. ಮೈಸೂರು ಸೀಮೆಯವರು ಅಂಚೆ ಅನ್ನುವುದನ್ನು ನಾವು ಟಪ್ಪಾಲು ಅನ್ನುತ್ತಿದ್ದೆವು. ಬೆಳಿಗ್ಗೆ ಕಲ್ಯಾಣದುರ್ಗದಲ್ಲಿ ಚೀಲ ಹೊತ್ತು ಸೈಕಲ್ ಹತ್ತಿದರೆ ಕಂಬದೂರಿಗೆ ಮುಟ್ಟಿಸಿ, ಅಲ್ಲಿಯ ಚೀಲ ತೆಗೆದುಕೊಂಡು, ಸಂಜೆ ಅನಂತಪುರದ ಬಸ್ಸು ಹೊರಡುವುದರೊಳಗೆ ವಾಪಸು ಬಂದಿರಬೇಕು. ಸೊಂಟಕ್ಕೆ ಸರ್ಕಾರದ ಪಟ್ಟಿ, ಅದರ ಮೇಲೆ ಹಿತ್ತಾಳೆ ಬಿಲ್ಲೆ. ನಮ್ಮ ಕೇರಿಯಲ್ಲಿ ಅಂಥ ಬಿಲ್ಲೆ ಹಾಕಿಕೊಂಡವನು ಅವನೊಬ್ಬನೇ. ಕೆಲಸ ಮಾತ್ರ ಇನ್ನೂ ಕಾಯಂ ಆಗಿರಲಿಲ್ಲ.

ಅದಕ್ಕೆ ಮುಂಚೆ ಅವನು ಕಂಬದೂರು ದಾರಿಯ ನಡುವಿನ ಒಂದು ಹಳ್ಳಿಯಲ್ಲಿ ದೊಡ್ಡಮನೆಯ ಜೀತದಾಳು. ಹಳ್ಳಿಯ ಹೆಸರು ಹೇಳುವುದಿಲ್ಲ. ಈಗ ಅಲ್ಲಿರುವವರು ಆಗ ಹುಟ್ಟೇ ಇರಲಿಲ್ಲ, ಅವರನ್ನು ಯಾಕೆ ಅನ್ನಬೇಕು. ಅವನ ಅಪ್ಪ ಆ ಮನೆಯ ಕೊಟ್ಟಿಗೆಯಲ್ಲಿ ದುಡಿದು ಕೊಟ್ಟಿಗೆಯಲ್ಲೇ ಸತ್ತ. ಕಲ್ಯಾಣದುರ್ಗದ ಪೋಸ್ಟ್ ಮಾಸ್ಟರು ಒಂದು ದಿನ ಇವನ ಓಟ ನೋಡಿ ಚೀಲ ಹೊರಿಸಿದರು, ಆಮೇಲೆ ಸೈಕಲ್ ಕೊಡಿಸಿದರು. ಹೀಗೆ ತಪ್ಪಿಸಿಕೊಂಡು ಬಂದವನು ಅವನು. "ಎಲ್ಲಿಗೋಯ್ತಾನೆ, ಸುತ್ತಿ ಸುತ್ತಿ ಇಲ್ಲಿಗೇ ಬತ್ತಾನೆ ಬುಡು" ಎಂದು ದೊಡ್ಡಮನೆಯ ಯಜಮಾನ ಹೇಳಿದ್ದನಂತೆ. ಆ ಮಾತು ಭಾವನ ಕಿವಿಯಲ್ಲಿ ಸದಾ ಇರುತ್ತಿತ್ತು.

ಆಷಾಢದ ಗಾಳಿ ಬೀಸುತ್ತಿದ್ದಾಗ ಬಸ್ಸಿನ ಕಂಡಕ್ಟರೊಬ್ಬ ನನ್ನ ತಗಡಿನ ಮುಂದೆ ನಿಂತು ಸುದ್ದಿ ಹೇಳಿದ. ಕಲ್ಯಾಣದುರ್ಗದ ಸಂತೆಯಲ್ಲಿ ಕಲ್ಲು ತುಂಬಿದ ಗಾಡಿಯ ಚಕ್ರ ಭಾವನ ಬಲಗಾಲಿನ ಮೇಲೆ ಹತ್ತಿ ಇಳಿದಿತ್ತು. ಆಸ್ಪತ್ರೆಯಲ್ಲಿ ಹೆಬ್ಬೆರಳನ್ನೂ ಅದರ ಪಕ್ಕದ ಎರಡು ಬೆರಳನ್ನೂ ತೆಗೆದುಬಿಟ್ಟಿದ್ದರು.

ನಾನು ಹೋಗುವ ಹೊತ್ತಿಗೆ ಗಾಯ ಮೇಲೆ ಒಣಗಿತ್ತು, ಒಳಗೆ ಹಸಿ. ಪೋಸ್ಟ್ ಮಾಸ್ಟರು ದೊಡ್ಡ ಮನುಷ್ಯರು. ಮೇಲಿನವರಿಗೆ ಜ್ವರ ಎಂದು ತಿಳಿಸಿ ಅಷ್ಟು ದಿನ ಬದಲಿಯಾಳು ಕಳಿಸಿದ್ದರು. ಇನ್ನು ತಡೆಯುವುದು ಅವರ ಕೈಯಲ್ಲೂ ಇರಲಿಲ್ಲ. ನಮ್ಮನ್ನು ಕಚೇರಿಯ ಹಿಂಬದಿಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು: "ದೀಪಾವಳಿ ಕಳೆದ ಮೇಲೆ ಸೂಪರಿಂಟೆಂಡೆಂಟ್ ಬರ್ತಾರೆ. ಕಾಯಂ ಮಾಡೋರೂ ಅವರೇ, ತೆಗೆಯೋರೂ ಅವರೇ. ಅಂಗ ಊನ ಇದ್ದೋನ್ನ ಇಟ್ಕೊಳ್ಳೋ ಹಾಗಿಲ್ಲ ಅಂತ ರೂಲು. ಅವತ್ತು ಕಾಲು ಮುಚ್ಚಿರಬೇಕು, ಚೀಲ ಹೊತ್ತಿಗೆ ಸರಿಯಾಗಿ ಬರಬೇಕು. ಇಷ್ಟು ಆದರೆ ಮಿಕ್ಕದ್ದು ನಾನು ನೋಡ್ಕೊಳ್ತೀನಿ."

ಮುಚ್ಚುವುದು ಸುಲಭ. ತುಳಿಯುವುದು ಹೇಗೆ? ಹೆಬ್ಬೆರಳು ಇಲ್ಲದ ಕಾಲು ಪೆಡಲಿನ ಮೇಲೆ ನಿಲ್ಲುವುದಿಲ್ಲ. ಅದುಮಿದಾಗಲೆಲ್ಲ ಮುಂದಕ್ಕೆ ಜಾರುತ್ತದೆ, ಹೊಸ ಚರ್ಮ ಪೆಡಲಿನ ಕಬ್ಬಿಣಕ್ಕೆ ಉಜ್ಜುತ್ತದೆ. ಭಾವ ಬಟ್ಟೆ ಸುತ್ತಿಕೊಂಡು ತುಳಿದು ನೋಡಿದ್ದ. ಸಂಜೆ ಬಟ್ಟೆ ಬಿಚ್ಚುವಾಗ ಅಕ್ಕ ಮುಖ ಆಚೆ ತಿರುಗಿಸಿಕೊಂಡಳು.

"ಏನ್ಲಾ ನರಸ, ಹಿಂದೂಪುರದಾಗೆ ಸಾಹುಕಾರ್ರ ಕಾಲಿಗೆಲ್ಲ ಹೊಲೀತೀಯಂತೆ, ಈ ಅರ್ಧ ಕಾಲಿಗೆ ಒಂದು ಹೊಲೀತೀಯಾ?" ಎಂದು ಭಾವ ನಗಾಡಿದ. ಅವನು ನಗಾಡಿದಾಗ ನನಗೆ ಇನ್ನಷ್ಟು ಭಯವಾಗುತ್ತಿತ್ತು.

ಕೆರೆಯ ಜೇಡಿಮಣ್ಣು ತಂದು ಅವನ ಕಾಲಿನ ಅಚ್ಚು ತೆಗೆದೆ. ಅದರಲ್ಲಿ ಇನ್ನೊಂದು ಮಣ್ಣು ತುಂಬಿ ಕಾಲಿನದೇ ಆಕಾರ ಮಾಡಿ, ಬಿಸಿಲಿಗೆ ಒಣಗಿಸಿ, ಹುಲ್ಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಹೊರಟೆ. ನಡುವೆ ಪಾವಗಡದ ಕಡೆ ಮೈಸೂರು ಸೀಮೆ ದಾಟಬೇಕಿತ್ತು. ಕಳ್ಳಸಾಗಣೆಯ ಅಕ್ಕಿ ಹಿಡಿಯುವ ಗೇಟಿನವನು ಗಂಟು ಬಿಚ್ಚಿಸಿದ. ಒಳಗೆ ಬೆರಳಿಲ್ಲದ ಮಣ್ಣಿನ ಕಾಲು. ಮಾಟದ ಸಾಮಾನು ಎಂದುಕೊಂಡು ಅವನು ಹಿಂದೆ ಸರಿದ. ಬಸ್ಸಿನವರು ಊರು ಬರುವ ತನಕ ನನ್ನ ಪಕ್ಕ ಕೂರಲಿಲ್ಲ.

ಮೊದಲನೆಯ ಜೊತೆ ಬೂಟನ್ನು ನಾನು ಅಭಿಮಾನಪಟ್ಟು ಹೊಲಿದೆ. ತಂಗಡಿ ತೊಗಟೆಯಲ್ಲಿ ಹದ ಮಾಡಿದ ಎತ್ತಿನ ತೊಗಲು, ಕೆಳಗೆ ಲಾರಿ ಟೈರು, ನಡುವೆ ಬಟ್ಟೆ ಮೂಟೆಗೆ ಕಟ್ಟಿ ಬರುವ ಕಬ್ಬಿಣದ ಪಟ್ಟಿಯ ತುಂಡು, ಅಟ್ಟೆ ಬಗ್ಗದಿರಲಿ ಎಂದು. ಬಗ್ಗುವ ಅಟ್ಟೆಯಲ್ಲಿ ಅದುಮಿದ ಬಲವೆಲ್ಲ ಗಾಯದ ಮೇಲೆ ಬೀಳುತ್ತದೆ ಎಂಬುದು ನನಗೆ ಹೊಳೆದಿತ್ತು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕಾಲು ಜಾರಲೇಬಾರದೆಂದು ಟೈರಿನ ಅಡಿಯಲ್ಲಿ ಅಡ್ಡಕ್ಕೆ ಆಳವಾದ ತೋಡು ಕೊರೆದೆ. ಪೆಡಲು ಆ ತೋಡಿನೊಳಗೆ ಹೋಗಿ ಗಚ್ಚಾಗಿ ಕೂರುತ್ತಿತ್ತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಗೌರಿ ಹಬ್ಬದ ಹೊತ್ತಿಗೆ ಕೊಂಡುಹೋಗಿ ಕೊಟ್ಟೆ. ಕೇರಿಯ ಮುಂದೆ ಭಾವ ಒಂದು ಸುತ್ತು ಹಾಕಿ, "ಕಾಲೇ ಪೆಡಲಾಗೋಯ್ತು ಕಣ್ಲಾ" ಎಂದ. ಮಾರನೆಯ ಬೆಳಿಗ್ಗೆ ಚೀಲ ಹೊತ್ತು ಹೊರಟ. ಸಂಜೆ ಬಂದಾಗ ಮೊಣಕೈ ಚರ್ಮ ಕಿತ್ತುಹೋಗಿತ್ತು, ಅಂಗಿಯೆಲ್ಲ ಧೂಳು. ಬೂಟು ಹ್ಯಾಂಡಲಿಗೆ ನೇತಾಡುತ್ತಿತ್ತು. ಗೋಡೆಗೆ ಒರಗಿ ಕೂತ.

"ಏನಾಯ್ತು ಬಾವ?"

"ಚಾವಡಿ ಮುಂದೆ ಬಿದ್ಬುಟ್ಟೆ" ಅಂದ. ಅಂಗಿಯ ಧೂಳು ಕೊಡವುತ್ತಾ, "ಇಳಿಯಕ್ಕೆ ಕಾಲು ಬರಲಿಲ್ಲ ಕಣಪ್ಪ" ಅಂದ.

ಆಗ ನನಗೆ ತಲೆಯ ಮೇಲೆ ಯಾರೋ ತಣ್ಣೀರು ಸುರಿದ ಹಾಗಾಯಿತು. ಅವನು ಜೀತಕ್ಕಿದ್ದ ಆ ಹಳ್ಳಿಯ ನಡುಬೀದಿಯಲ್ಲೇ ಟಪ್ಪಾಲಿನ ದಾರಿ. ನಮ್ಮ ಕೇರಿಯವರು ಆ ಬೀದಿಯಲ್ಲಿ ಮೆಟ್ಟು ಮೆಟ್ಟಿ ನಡೆಯುವಂತಿರಲಿಲ್ಲ, ಸೈಕಲ್ ಮೇಲೆ ಕೂತು ಹೋಗುವಂತಿರಲಿಲ್ಲ. ಊರ ಬಾಯಲ್ಲಿ ಒಂದು ಚಪ್ಪಡಿ ಕಲ್ಲಿತ್ತು. ಅಲ್ಲಿ ಇಳಿದು, ಮೆಟ್ಟನ್ನು ಕೈಗೆ ತೆಗೆದುಕೊಂಡು, ಸೈಕಲ್ ತಳ್ಳಿಕೊಂಡು ಚಾವಡಿ ದಾಟಿ, ಆಚೆ ತುದಿಯಲ್ಲಿ ಮತ್ತೆ ಮೆಟ್ಟಿ ಹತ್ತಬೇಕು. ಸೊಂಟದಲ್ಲಿ ಸರ್ಕಾರದ ಬಿಲ್ಲೆ ಇದ್ದರೂ ಅಷ್ಟೇ. ಊರಿಗೆಲ್ಲ ಮೆಟ್ಟು ಹೊಲಿದು ಕೊಡುವವರು ನಾವು, ಮೆಟ್ಟಬಾರದವರೂ ನಾವೇ. ಭಾವನಿಗೆ ಅದು ಉಸಿರಾಡಿದಷ್ಟೇ ಅಭ್ಯಾಸ. ಹಿಂದೂಪುರದ ಸ್ಟೇಷನ್ ರಸ್ತೆಯಲ್ಲಿ ಯಾರೂ ಯಾರನ್ನೂ ಇಳಿಸುತ್ತಿರಲಿಲ್ಲ. ಅಲ್ಲಿ ಕೂತ ನಾನು ತುಳಿಯುವುದೊಂದನ್ನೇ ಯೋಚಿಸಿದ್ದೆ. ಇಳಿಯಬೇಕಾದ ಜಾಗ ಒಂದಿದೆ ಎಂಬುದು ನನ್ನ ತಲೆಗೆ ಬಂದೇ ಇರಲಿಲ್ಲ.

ಭಾವ ಕಲ್ಲಿನ ಹತ್ತಿರ ಕಾಲು ಎಳೆದಿದ್ದಾನೆ, ತೋಡು ಬಿಡಲಿಲ್ಲ. ಸೈಕಲ್ ಅದರ ಪಾಡಿಗೆ ಚಾವಡಿಯ ತನಕ ಹೋಗಿ ಅಲ್ಲಿ ಬಿದ್ದಿದೆ. ಚೀಲ ಒಂದು ಕಡೆ, ಇವನೊಂದು ಕಡೆ, ಕಾಲಲ್ಲಿ ಬೂಟು. ದೊಡ್ಡಮನೆಯ ಯಜಮಾನ ಕಟ್ಟೆಯ ಮೇಲಿಂದ, "ಏನ್ಲಾ ಓಬುಳ, ದೊರೆಗಳ ಥರ ಬೂಟು? ಕೊಟ್ಟಿಗೇಲಿ ಗೊಬ್ಬರ ತುಳಿಯಕ್ಕೆ ಚೆನ್ನಾಗದೆ ಬುಡು" ಅಂದನಂತೆ. ಕಟ್ಟೆಯೆಲ್ಲ ನಕ್ಕಿತು. ಭಾವ ಅಲ್ಲೇ ಕೂತು ಬೂಟು ಬಿಚ್ಚಿ, ಗಾಯದ ಕಾಲಲ್ಲಿ ಬೀದಿ ದಾಟಿದ್ದ.

ಇನ್ನೊಂದು ಹೊಲಿದೆ. ಈ ಸಲ ತೋಡು ಇಲ್ಲ. ಹಿಮ್ಮಡಿಯ ಹತ್ತಿರ ಒಂದು ಕೊಕ್ಕೆ, ಎಳೆದರೆ ಬಾರು ಬಿಟ್ಟುಕೊಂಡು ಬೂಟು ಕಳಚಿ ಬರುವ ಹಾಗೆ. ಬಿಚ್ಚುವುದಕ್ಕೆ ಬಲು ಚೆನ್ನಾಗಿತ್ತು. ಆದರೆ ಅಷ್ಟು ಸಲೀಸಾಗಿ ಬಿಚ್ಚುವ ಬೂಟು ಕಾಲನ್ನು ಹಿಡಿದಿಡುವುದಿಲ್ಲ. ಒಳಗೆ ಕಾಲು ಓಲಾಡಿ ಗಾಯ ಬಾಯಿ ಬಿಟ್ಟಿತು. ಭಾವನಿಗೆ ಚಳಿಜ್ವರ ಬಂತು. ಒಂದು ದಿನ ಚೀಲ ತಡವಾಗಿ ಬಂದು, ಅನಂತಪುರದ ಬಸ್ಸು ಹೊರಟುಹೋಗಿತ್ತು. ಪೋಸ್ಟ್ ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಬೈದಿದ್ದರೆ ವಾಸಿಯಿತ್ತು.

ಆ ವಾರ ನಾನು ಹಿಂದೂಪುರಕ್ಕೆ ಹೋಗದೆ ಅಕ್ಕನ ಮನೆಯಲ್ಲೇ ಉಳಿದೆ. ಬಾಗಿಲ ಮುಂದೆ ತೊಗಲು ಕೊಯ್ಯುವ ರಂಪಿಗೆ ಹಿಡಿದು ಕೂತು ಕೊಕ್ಕೆಯನ್ನು ಹೀಗೆ ಹಾಕಲೋ ಹಾಗೆ ಹಾಕಲೋ ಎಂದು ತೊಗಲು ಹಾಳು ಮಾಡುತ್ತಿದ್ದೆ. ಅಕ್ಕ ರಾಗಿ ಬೀಸುವುದನ್ನು ನಿಲ್ಲಿಸಿ ನನ್ನ ಮುಂದೆ ಬಂದು ನಿಂತಳು.

"ನೀನು ಬಿಚ್ಚೋ ಬೂಟು ಮಾಡ್ತೀಯೋ, ತುಳಿಯೋ ಬೂಟು ಮಾಡ್ತೀಯೋ, ಒಂದು ಹೇಳ್ಬುಡು" ಅಂದಳು. "ಎರಡೂ ಮಾಡಕ್ಕೋಗಿ ನನ್ನ ಗಂಡನ ಕಾಲು ಕೊಳೀತಾ ಐತೆ."

"ಬಿಚ್ಚದಿದ್ರೆ ಆ ಊರು ದಾಟೋದು ಹೆಂಗಕ್ಕಾ?"

"ಊರ ಹಿಂದೆ ಹಳ್ಳ ಐತಲ್ಲ. ಮರಳಿನಾಗೆ ತಳ್ಕಂಡು ಹೋಗ್ಲಿ. ಅಲ್ಲಿ ಯಾರೂ ಕಾಲು ನೋಡಕ್ಕೆ ಬರಾಕಿಲ್ಲ."

ಮರಳಿನಲ್ಲಿ ಸೈಕಲ್ ತಳ್ಳುವುದೆಂದರೆ ಪ್ರಾಣ ಹೋಗುತ್ತದೆ. ಆದರೂ ಬೂಟು ಕಾಲಲ್ಲೇ ಇರುತ್ತದೆ. ಕಳೆದ ಹೊತ್ತನ್ನು ಗಟ್ಟಿ ನೆಲದಲ್ಲಿ ತುಳಿದು ಕೂಡಿಸಿಕೊಳ್ಳಬಹುದು, ತುಳಿಯುವಂಥ ಅಟ್ಟೆಯಿದ್ದರೆ. ಸರಿ ಅಂದೆ.

ಹರಳೆಣ್ಣೆಯಲ್ಲಿ ಮಸಿ ಕಲಸಿ ಪೆಡಲಿಗೆ ಬಳಿದೆ. ಹಿಂದಿನ ಚಕ್ರ ಗಾಳಿಯಲ್ಲಿ ತಿರುಗುವಂತೆ ಸೈಕಲನ್ನು ಕಲ್ಲಿನ ಮೇಲೆ ನಿಲ್ಲಿಸಿ, ಭಾವನನ್ನು ಹತ್ತಿಸಿ ತುಳಿಸಿದೆ. ಅಟ್ಟೆಯ ಮೇಲೆ ಮಸಿ ಎಲ್ಲಿ ದಪ್ಪಗೆ ಹತ್ತುತ್ತದೋ ಅಲ್ಲಿ ಭಾರ ಬೀಳುತ್ತದೆ. ಅದು ನಾನಂದುಕೊಂಡ ಜಾಗದಿಂದ ಹಿಂದಕ್ಕಿತ್ತು, ಕಿರುಬೆರಳಿನ ಬದಿಗೆ. ಎಲ್ಲಿ ನೋವು ಎಂದು ಕೇಳಿದರೆ ಭಾವ "ಎಲ್ಲೂ ಇಲ್ಲ" ಅನ್ನುತ್ತಿದ್ದ. ಅಕ್ಕನೇ ಅವನ ಪಾದವನ್ನು ಮಡಿಲಿಗೆ ಎಳೆದುಕೊಂಡು, ದಿನಾ ತೊಳೆದ ಕೈಯ ಗುರುತಿನಲ್ಲಿ ಹೆಬ್ಬೆಟ್ಟು ಇಟ್ಟು, "ಇಲ್ಲಿ, ಇಲ್ಲಿ, ಇಕಾ ಇಲ್ಲಿ. ಇಲ್ಲೆಲ್ಲೂ ಏನೂ ತಾಗಕೂಡದು" ಅಂದಳು. ಅವಳು ತೋರಿಸಿದ ಕಡೆಯೆಲ್ಲ ಅಟ್ಟೆಯನ್ನು ಒಳಗಿನಿಂದ ಕೆತ್ತಿ ತಗ್ಗು ಮಾಡಿದೆ. ಕಂಬದೂರಿನ ಕುರುಬರ ಹಳೇ ಕಂಬಳಿಯನ್ನು ಕತ್ತರಿಸಿ ತಗ್ಗಿನಲ್ಲಿ ಹಾಸಿದೆ. ಕಳೆದುಹೋದ ಬೆರಳಿನ ಜಾಗಕ್ಕೆ ತೊಗಲಿನ ಉಂಡೆ ಕೂರಿಸಿದೆ. ಅಡಿಯಲ್ಲಿ ತೋಡು ಕೊರೆಯದೆ, ಪೆಡಲಿನ ಹಿಂಬದಿಗೆ ಆತುಕೊಳ್ಳುವಂತೆ ಒಂದು ಗಿಡ್ಡ ದಿಂಡು ಹೊಲಿದೆ. ಕಾಲು ಮುಂದಕ್ಕೆ ಜಾರುವುದಿಲ್ಲ, ಎತ್ತಿದರೆ ಬರುತ್ತದೆ. ಆಮೇಲೆ ಕಣಕಾಲಿನ ತನಕ ತೂತು ಹೊಡೆದು ತೊಗಲಿನ ದಾರ ಪೋಣಿಸಿದೆ, ಬಿಗಿಯಾಗಿ.

ಭಾವ ಅದನ್ನು ಹಾಕಿಕೊಂಡು ಹೋಗಿ ಬಂದ ಮೊದಲನೆಯ ಸಂಜೆ ಅಕ್ಕ ಬೂಟು ಬಿಚ್ಚಿ ಕಂಬಳಿಯನ್ನು ಬೆಳಕಿಗೆ ಹಿಡಿದು ನೋಡಿದಳು. ರಕ್ತ ಇರಲಿಲ್ಲ. ಕಂಬಳಿಯನ್ನು ಕಣ್ಣಿಗೆ ಒತ್ತಿಕೊಂಡಳು.

ಹಳ್ಳದ ಮರಳಿನಲ್ಲಿ ತಳ್ಳಿಕೊಂಡು, ಮಿಕ್ಕ ಕಡೆ ತುಳಿದುಕೊಂಡು, ಅವನು ಬಸ್ಸು ತಪ್ಪಿಸದೆ ಬರತೊಡಗಿದ. ಕಡಲೆಕಾಯಿ ಕೀಳುವ ಕಾಲ ಬಂತು. ದೀಪಾವಳಿ ಕಳೆಯಿತು. ಹಬ್ಬದ ಬೆನ್ನಿಗೇ ಮಳೆ ಹಿಡಿದುಕೊಂಡಿತು. ಮಳೆ ಬಂದರೆ ಎಲ್ಲರೂ ಖುಷಿಪಡುವ ಸೀಮೆ ನಮ್ಮದು. ಆ ಸಲ ನಾವು ಮೂವರು ಮಾತ್ರ ಮೋಡ ಕಂಡರೆ ಬೈಯುತ್ತಿದ್ದೆವು, ಯಾಕೆಂದರೆ ಹಳ್ಳ ಬಂದರೆ ಮರಳ ದಾರಿ ಮುಚ್ಚಿಹೋಗುತ್ತದೆ.

ಸೂಪರಿಂಟೆಂಡೆಂಟ್ ಬಂದ ದಿನ ಹಳ್ಳ ಬಂದಿತ್ತು.

ಬೆಳಿಗ್ಗೆ ಭಾವ ಹೊರಡುವಾಗ ಪೋಸ್ಟ್ ಮಾಸ್ಟರು ಅವನ ಹತ್ತಿರ ಬಂದು ಪಿಸುಗುಟ್ಟಿದರು, "ಓಬಳೇಶ, ಸಾಯಂಕಾಲ ಏನೇ ಆದರೂ ಬೂಟು ಬಿಚ್ಚಬೇಡ. ಚೀಲ ಮೆಟ್ಟಿಲ ಮೇಲೆ ಇಟ್ಟು ಕೈ ಮುಗಿದು ಹೊರಟುಬಿಡು." ಅಕ್ಕನೂ ಅದನ್ನೇ ಹೇಳಿದಳು. ನಾನೂ ಹೇಳಿದೆ. "ಆಗ್ಲಪ್ಪ, ಎಷ್ಟು ಸಲ ಹೇಳ್ತೀರಾ" ಎಂದು ರೇಗಿ ಅವನು ಹೋದ.

ಮಧ್ಯಾಹ್ನ ಕಳೆದ ಮೇಲೆ ನಾನೂ ಅಕ್ಕನೂ ಕಚೇರಿಯ ಎದುರಿನ ಬೇವಿನ ಮರದಡಿ ನಿಂತೆವು. ಒಳಗೆ ಸೂಪರಿಂಟೆಂಡೆಂಟ್ ಕುರ್ಚಿ ಎಳೆದುಕೊಂಡು ಬಾಗಿಲಿಗೆ ಎದುರಾಗಿ ಕೂತಿದ್ದರು. ಅನಂತಪುರದ ಕಡೆಯ ತೆಲುಗಿನವರು, ತೆಳ್ಳಗಿನ ಆಸಾಮಿ, ಮುಖದಲ್ಲಿ ಕೋಪ ಇರಲಿಲ್ಲ. ಬಸ್ಸಿನವನು ಇದ್ದಿಲು ಒಲೆಗೆ ಗಾಳಿ ಹಾಕಲು ಶುರುಮಾಡಿದ. ಕಂಬದೂರಿನಿಂದ ಬರುವವರಿಗೆ ಎದುರುಗಾಳಿ, ಮೇಲೆ ಜಡಿಮಳೆ. ಬಸ್ಸು ಹಾರ್ನು ಹೊಡೆಯಿತು. ಅಕ್ಕ ಸೆರಗಿನ ಚುಂಗು ಹಲ್ಲಿನಲ್ಲಿ ಕಚ್ಚಿಕೊಂಡು ದಾರಿ ನೋಡುತ್ತಿದ್ದಳು. ಎರಡನೆಯ ಹಾರ್ನೂ ಆಯಿತು.

ಆಗ ತಿರುವಿನಲ್ಲಿ ಅವನು ಕಂಡ. ತೊಪ್ಪೆಯಾಗಿ ನೆನೆದಿದ್ದ, ಚೀಲಕ್ಕೆ ಗೋಣಿ ಸುತ್ತಿದ್ದ. ಬಲಗಾಲು ಎಡಗಾಲಿನಷ್ಟೇ ಸಮವಾಗಿ ಏರಿ ಇಳಿಯುತ್ತಿತ್ತು. ಗೊತ್ತಿಲ್ಲದವರು ನೋಡಿದರೆ ಆ ಬೂಟಿನೊಳಗೆ ಐದೂ ಬೆರಳಿವೆ ಎಂದೇ ಅಂದುಕೊಳ್ಳಬೇಕು. ನನ್ನ ಬದುಕಿನಲ್ಲಿ ನಾನು ಮಾಡಿದ ಯಾವ ಕೆಲಸವನ್ನೂ ಅಷ್ಟು ಸಂತೋಷದಿಂದ ನೋಡಿದ್ದಿಲ್ಲ.

ಸೂಪರಿಂಟೆಂಡೆಂಟ್ ಎದ್ದು ಬಾಗಿಲಿಗೆ ಬಂದು, "ಶಹಬ್ಬಾಸ್, ರಾ, ಲೋಪಲಿಕಿ ರಾ" ಎಂದು ಒಳಗೆ ಕರೆದರು.

ಒಳಗೆ ಬಾ ಎಂದು ದೊಡ್ಡವರು ಕರೆದರು. ಭಾವ ಮೆಟ್ಟಿಲ ಹತ್ತಿರ ಬಗ್ಗಿದ. ಅವನ ಕೈ ತಾನಾಗಿ ಎಡಗಾಲಿಗೆ ಹೋಯಿತು. ನಾನು ಕೂಗಲಾರೆ, ಅಕ್ಕ ಕೂಗಲಾರಳು. ಎಡಗಾಲಿನ ಬೂಟು ಮಾಮೂಲಿ ಬೂಟು, ಥಟ್ಟನೆ ಬಂದುಬಿಟ್ಟಿತು. ಅದನ್ನು ಪಕ್ಕಕ್ಕಿಟ್ಟು ಬಲಗಾಲಿನ ದಾರಕ್ಕೆ ಕೈ ಹಾಕಿದ. ಆಗ ಅವನಿಗೆ ನೆನಪಾಯಿತು. ಹಾಗೇ ಬಗ್ಗಿಕೊಂಡು ನಿಂತ.

"ಅದೇನೋ ಒಂದು ಬಿಚ್ಚಿ ಒಂದು ಹಾಕ್ಕೊಂಡು?" ಎಂದು ಗುಮಾಸ್ತನೊಬ್ಬ ಗದರಿದ. "ದೊರೆಗಳ ಮುಂದೆ ಮೆಟ್ಟು ಹಾಕ್ಕೊಂಡು ಬರ್ತೀಯಾ?"

ಭಾವ ನೆಟ್ಟಗಾದ. ಅವನ ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅದು ಮೆಟ್ಟಲ್ಲ ಸ್ವಾಮಿ, ನನ್ನ ಕಾಲು" ಅಂದ.

ಪೋಸ್ಟ್ ಮಾಸ್ಟರು ನೆಲ ನೋಡುತ್ತಿದ್ದರು. ಸೂಪರಿಂಟೆಂಡೆಂಟ್ ಮೆಲ್ಲಗೆ, "ಏದಿ, ಚೂಪಿಂಚು" ಎಂದು ತೋರಿಸಲು ಹೇಳಿದರು. ಭಾವ ದಾರ ಬಿಚ್ಚಲು ನೋಡಿದ, ಆಗಲಿಲ್ಲ. ಆ ಹಳ್ಳಿಯ ಚಪ್ಪಡಿ ಕಲ್ಲಿನ ಮೇಲೆ ಮಳೆಯಲ್ಲಿ ಕೂತು ಬಿಚ್ಚಿ, ಬರಿಗಾಲಲ್ಲಿ ಬೀದಿ ದಾಟಿ, ಆಚೆ ಕೂತು ಮತ್ತೆ ಕಟ್ಟಿದ್ದನಂತೆ. ಅವತ್ತೂ ಅವನು ಇಳಿದಿದ್ದ. ನೆನೆದ ತೊಗಲಿನ ಗಂಟು ಉಬ್ಬಿ ಬಿಗಿದಿತ್ತು. ನನ್ನನ್ನು ಕರೆದರು. ಮಂಡಿಯೂರಿ ಕೂತು ನನ್ನ ಕೈಯಿಂದಲೇ ಗಂಟು ಬಿಚ್ಚಿದೆ. ಬೂಟು ಬಂತು, ಕಾಲು ಬಂತು. ಬರಿಗಾಲಲ್ಲಿ ನಡೆದದ್ದಕ್ಕೆ ಗಾಯ ಮತ್ತೆ ಬಿರಿದಿತ್ತು.

ಸೂಪರಿಂಟೆಂಡೆಂಟ್ ಬಹಳ ಹೊತ್ತು ನೋಡಿದರು. "ಮಂಚಿವಾಡಿವೇ ನುವ್ವು" ಅಂದರು, ನೀನು ಒಳ್ಳೆಯವನೇ ಎಂದು. ಆಮೇಲೆ ಕನ್ನಡದಲ್ಲಿ ಹೇಳಿದರು, "ಕೆಲಸಾನೂ ಒಳ್ಳೇದೇ. ಆದ್ರೆ ನಾನು ಬರೀಬೇಕಾದ್ದು ಅಂಗ ಎಲ್ಲ ಸರಿ ಇದೆ ಅಂತ. ಕಣ್ಣಾರೆ ನೋಡಿ ಹೆಂಗೆ ಬರೀಲಿ?" ಅಷ್ಟರಲ್ಲಿ ಚೀಲ ಹತ್ತಿಸಿಕೊಂಡು ಅನಂತಪುರದ ಬಸ್ಸು ಹೊರಟಿತು. ಹೊಸಬ ಬರುವ ತನಕ ಭಾವ ಚೀಲ ಹೊರಬೇಕು, ಆಮೇಲೆ ಬಿಲ್ಲೆ ಒಪ್ಪಿಸಬೇಕು ಎಂದಾಯಿತು.

ಆಮೇಲೆ ಏನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಭಾವ ಆ ಕೊಟ್ಟಿಗೆಗೆ ಹೋಗಲಿಲ್ಲ. ಅಕ್ಕನನ್ನು ಕರೆದುಕೊಂಡು ಹಿಂದೂಪುರಕ್ಕೆ ಬಂದು, ನನ್ನ ತಗಡಿಗೆ ಇನ್ನೊಂದು ತಗಡು ಸೇರಿಸಿ ಸೈಕಲ್ ರಿಪೇರಿ ಇಟ್ಟ. ಕೊನೆಯ ತನಕ ನನ್ನನ್ನು ರೇಗಿಸುತ್ತಾ ಬಾಳಿದ. ನನಗೆ ಹೇಳಬೇಕಾದ್ದು ಇರುವುದು ಮಾರನೆಯ ಬೆಳಿಗ್ಗೆಯದು.

ಆ ಬೆಳಿಗ್ಗೆ ಮಳೆ ನಿಂತು ಬಿಸಿಲು ಬಂದಿತ್ತು. ಭಾವ ಎಂದಿನಂತೆ ಬೂಟು ಬಿಗಿದುಕೊಂಡ, ಪಟ್ಟಿ ಕಟ್ಟಿಕೊಂಡ. "ನೀನೂ ಹಿಂದೇನೇ ಹೋಗ್ಲಾ ನರಸ, ನಿಮ್ ಬಾವನ ಮಖ ನೋಡಿದ್ರೆ ಭಯ ಆಯ್ತದೆ" ಎಂದು ಅಕ್ಕ ನನ್ನನ್ನು ದೂಡಿದಳು. ಬಾಡಿಗೆ ಸೈಕಲ್ ಹಿಡಿದು ಅವನ ಬೆನ್ನು ಹತ್ತಿದೆ.

ಹಳ್ಳ ಇಳಿದುಹೋಗಿತ್ತು. ಮರಳ ದಾರಿ ಕವಲೊಡೆಯುವ ಕಡೆ ಅವನು ತಿರುಗುತ್ತಾನೆ ಎಂದುಕೊಂಡೆ. ತಿರುಗಲಿಲ್ಲ, ನೆಟ್ಟಗೆ ಊರ ಕಡೆಗೇ ತುಳಿದ. ಚಪ್ಪಡಿ ಕಲ್ಲು ಕಂಡಿತು.

"ಬಾವ, ಕಲ್ಲು ಬಂತು" ಅಂದೆ.

ಅವನಿಗೆ ಕೇಳಿಸಿತು. ಕಲ್ಲು ದಾಟಿದ. ಇಳಿಯಲಿಲ್ಲ.

ನಾನು ಇಳಿದೆ. ಇಳಿಯಬೇಕೆಂದು ಅಂದುಕೊಂಡು ಇಳಿದದ್ದಲ್ಲ, ಕಾಲೇ ಇಳಿಯಿತು. ನೋಡಿದರೆ ಚಪ್ಪಲಿಯೂ ಆಗಲೇ ಕೈಯಲ್ಲಿತ್ತು. ಬೀದಿಯ ಆ ತುದಿಯ ತನಕ ಅವನ ಬೆನ್ನು ಕಾಣುತ್ತಿತ್ತು, ಕೆಳಗೆ ನನ್ನ ಎರಡು ಅಟ್ಟೆಗಳು ಒಂದಾದ ಮೇಲೊಂದು ಮೇಲೆ ಬಂದು ಕೆಳಗೆ ಹೋಗುತ್ತಿದ್ದವು. ಚಾವಡಿಯ ಕಟ್ಟೆಯ ಮೇಲೆ ಕಡಲೆಕಾಯಿ ಸುಲಿಯುತ್ತಾ ಕೂತವರ ಕೈ ನಿಂತಿತು.

"ಯಾವನ್ಲಾ ಅವ್ನು, ಮೆಟ್ಕಂಡು ಸೈಕಲ್ ಮ್ಯಾಲೆ?" ಎಂದ ಯಜಮಾನ. ಯಾವನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಟಪ್ಪಾಲು" ಅಂದ ಭಾವ, ತಿರುಗಿ ನೋಡದೆ. ಜೋರಾಗಿಯೂ ಹೇಳಲಿಲ್ಲ, ಮೆಲ್ಲಗೂ ಹೇಳಲಿಲ್ಲ. ಬೀದಿ ದಾಟಿ ಹೋದ.

ಕಟ್ಟೆಯಿಂದ ಒಬ್ಬ ಎದ್ದು ನಿಂತ. ಯಜಮಾನ ಕೈ ಎತ್ತಿದ. ಕೂರು ಅಂತಲೋ, ಹಿಡಿ ಅಂತಲೋ, ನನಗೆ ತಿಳಿಯಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಬರಿಗಾಲಲ್ಲಿ, ಒಂದು ಕೈಯಲ್ಲಿ ಸೈಕಲ್, ಇನ್ನೊಂದರಲ್ಲಿ ನಾನೇ ಹೊಲಿದ ಚಪ್ಪಲಿ ಹಿಡಿದು ನಾನು ನಿಂತಿದ್ದೆ. ಚಪ್ಪಲಿಯನ್ನು ಕೆಳಗೆ ಹಾಕಿದೆ, ಒಂದೊಂದಾಗಿ ಮೆಟ್ಟಿಕೊಂಡೆ. ಸೈಕಲ್ ಹತ್ತುವಷ್ಟು ಧೈರ್ಯ ಬರಲಿಲ್ಲ. ತಳ್ಳಿಕೊಂಡು, ಆ ಕಟ್ಟೆಯ ಮುಂದೆ, ಮೆಟ್ಟಿಕೊಂಡೇ ನಡೆದುಹೋದೆ.